ಕಂಪ್ಯೂಟರಿಗೆ ಇಟ್ಟ ಬೊಟ್ಟು

ಒಂದು ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಪ್ರಿಂಟ್ ಬಟನ್ ಇದ್ದ ಕಡೆ ಇರಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಆಫೀಸಿನಲ್ಲಿ ಬಿಲ್ಲು, ಪತ್ರ ಟೈಪು ಮಾಡುವುದು ನನ್ನ ಕೆಲಸ. ಎಷ್ಟೋ ವರ್ಷಗಳಿಂದ ಅದೇ ಸಾಫ್ಟ್‌ವೇರು, ಕಣ್ಣು ಮುಚ್ಚಿದರೂ ಕೈ ತಾನಾಗಿ ಹೋಗುತ್ತಿತ್ತು. ಅಪ್‌ಡೇಟ್ ಆಗಿದ್ದೇ ತಡ, ಎಡಮೂಲೆಯಲ್ಲಿದ್ದದ್ದು ಬಲಕ್ಕೆ ಹೋಗಿತ್ತು, ಅಕ್ಷರ ಇದ್ದಲ್ಲಿ ಏನೆಂದು ತಿಳಿಯದ ಪುಟ್ಟ ಚಿತ್ರ ಬಂದಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ. ಇಲ್ಲಿ ಇರುವೆ ಬಿಟ್ಟವರು ಎಲ್ಲೋ ಇದ್ದರು, ಕಚ್ಚಿಸಿಕೊಂಡವಳು ನಾನು.

ಬೇರೆ ಕಾಲವಾಗಿದ್ದರೆ ಬೈದು ನಕ್ಕು ಕಲಿಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಹೊಸದೇನನ್ನೂ ಕಲಿಯುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ತಳಕು ಊರಿನ ನಮ್ಮ ಮನೆಯಲ್ಲೂ ಇದೇ ಪಾಡು. ಸ್ನಾನವಾದ ಕೂಡಲೇ ಕೈ ಕನ್ನಡಿಯತ್ತ ಹೋಗುತ್ತಿತ್ತು, ಅಲ್ಲಿ ಅಂಟಿಸಿಟ್ಟ ಬೊಟ್ಟು ತೆಗೆದುಕೊಳ್ಳಲು. ಬೊಟ್ಟು ಎಲ್ಲಿಂದ ಬರಬೇಕು? ನೆಂಟರ ಹೆಂಗಸರು ನನ್ನ ಹಣೆಯದರ ಜೊತೆ ಕನ್ನಡಿಯದನ್ನೂ ಕಿತ್ತು ಹಾಕಿದ್ದರು. ಆಗ ಅತ್ತೆ ಗೋಡೆಗೊರಗಿ ಕೂತಿದ್ದರು. ಮತ್ತೆ ಬೊಟ್ಟಿಡಬೇಕೆಂಬ ಆಸೆ ನನಗಿತ್ತು, ಯಾಕೆ ಸುಳ್ಳು ಹೇಳಲಿ. ಆದರೆ ಮಗನನ್ನು ಕಳೆದುಕೊಂಡ ತಾಯಿಯ ಎದುರು ಹಾಗೆ ಓಡಾಡುವುದು ಹೇಗೆ? ಅವರ ಹಣೆಯೂ ಎಷ್ಟೋ ಕಾಲದಿಂದ ಬರಿದಾಗಿತ್ತು. ಕೇಳುವ ಧೈರ್ಯ ಬರಲಿಲ್ಲ.

ಆಫೀಸಿನ ಡ್ರಾಯರಿನಲ್ಲಿ ಹಳೆಯ ಬೊಟ್ಟಿನ ಹಾಳೆಯೊಂದು ಉಳಿದಿತ್ತು. ಬೆವರಿಗೆ ಉದುರಿದರೆ ಬೇಕಾದೀತೆಂದು ಹಿಂದೆ ಇಟ್ಟುಕೊಂಡದ್ದು. ಪ್ರತಿ ಸಲವೂ ಬಟನ್ ಹುಡುಕಿ ಹುಡುಕಿ ಸಾಕಾಗಿ, ಪ್ರಿಂಟಿನ ನೇರಕ್ಕೆ ಮಾನಿಟರಿನ ಅಂಚಿಗೆ ಒಂದು ಕೆಂಪು ಬೊಟ್ಟು ಅಂಟಿಸಿದೆ. ಸೇವ್ ಮಾಡುವ ಕಡೆ ಹಸಿರು.

ಬಿ.ಜಿ. ಕೆರೆಯಿಂದ ಬರುವ ನಮ್ಮ ಗುಮಾಸ್ತ ನೋಡಿ ನಕ್ಕ. “ಏನಕ್ಕಾ, ಕಂಪ್ಯೂಟ್ರಿಗೆ ಬೊಟ್ಟಿಟ್ಟು ಮದುವೆ ಮಾಡ್ತೀರಾ?”

“ಮಾಡ್ತೀನಿ, ಗಂಡು ನೋಡು. ಹೇಳದೆ ಕೇಳದೆ ಜಾಗ ಬದ್ಲಾಯಿಸೋನು ಬ್ಯಾಡ,” ಅಂದೆ.

ಅವನ ಕಣ್ಣು ನನ್ನ ಹಣೆಗೆ ಬಂತು, ನಗು ನಿಂತಿತು. ಪಾಪ, ಅವನದೇನೂ ತಪ್ಪಿರಲಿಲ್ಲ. ಆದರೂ ಮಧ್ಯಾಹ್ನ ತನ್ನ ಡಬ್ಬಿಯ ಮಂಡಕ್ಕಿ ಒಗ್ಗರಣೆಯಲ್ಲಿ ಅರ್ಧ ನನಗೆ ಕೊಟ್ಟ.

ಬರಬರುತ್ತಾ ಕೈ ಹೊಸ ಜಾಗಗಳನ್ನು ಕಲಿಯಿತು. ಅದರಿಂದ ನನಗೆ ಖುಷಿಯಾಗಲಿಲ್ಲ. ಇಷ್ಟು ವರ್ಷದ್ದನ್ನು ಕೈ ಇಷ್ಟು ಸಲೀಸಾಗಿ ಮರೆಯುವುದಾದರೆ ಕನ್ನಡಿಯತ್ತ ಹೋಗುವುದನ್ನೂ ಮರೆತೀತೆಂದು ಹೆದರಿಕೆಯಾಯಿತು. ಒಂದು ಸಂಜೆ ಕಂಪ್ಯೂಟರ್ ಆಫ್ ಮಾಡಿ ಬೊಟ್ಟುಗಳನ್ನು ಕಿತ್ತೆ. ಹಸಿರಿನ ಅಂಟು ಒಣಗಿತ್ತು, ಎಸೆದೆ. ಕೆಂಪಿನದು ಇನ್ನೂ ಬೆರಳಿಗೆ ಹಿಡಿಯುತ್ತಿತ್ತು. ಕಪ್ಪು ಪರದೆಯಲ್ಲಿ ನನ್ನ ಮುಖ ಮಸುಕಾಗಿ ಕಾಣುತ್ತಿತ್ತು. ಅದನ್ನೇ ನೋಡಿಕೊಂಡು ಬೊಟ್ಟನ್ನು ಹಣೆಗಿಟ್ಟೆ.

ತಳಕಿನ ಬಸ್ಸಿನಲ್ಲಿ ಕಿತ್ತುಬಿಡಲೇ ಎಂದು ಕೈ ಮೇಲೆ ಹೋಗುತ್ತಿತ್ತು, ಇಳಿಸಿಕೊಳ್ಳುತ್ತಿದ್ದೆ. ಮನೆ ತಲುಪಿದಾಗ ಅತ್ತೆ ಬಾಗಿಲಲ್ಲೇ ಸೊಪ್ಪು ಸೋಸುತ್ತಿದ್ದರು. ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು.

“ತೆಗೀಲೇನತ್ತೆ?” ಅಂದೆ.

“ಬಾ ಇಲ್ಲಿ. ಸೊಟ್ಟ ಐತೆ.”

ಮುಂದೆ ಕೂತೆ. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬೊಟ್ಟನ್ನು ಬಿಡಿಸಿ, ನಡುಹಣೆಗೆ ಇಟ್ಟು, ಅಂಟು ಹಿಡಿಯುವವರೆಗೂ ಹೆಬ್ಬೆರಳಿನಿಂದ ಒತ್ತಿ ಹಿಡಿದರು.