ಪಡಸಾಲೆಯ ಕಂಪನ

ಆ ವರ್ಷ ಬಂಕಾಪುರದ ಆಚೆಗಿನ ನಮ್ಮೂರಲ್ಲಿ ನೆಲ ಎರಡು ಸಲ ಗುಡುಗಿ, ಅಡುಗೆಮನೆಯ ಡಬ್ಬಿಗಳು ಸದ್ದು ಮಾಡಿದವು. ಕಂಪನ ಅಳೆಯಲು ಬಂದ ಅಧಿಕಾರಿಗೆ ಗದ್ದಲವಿಲ್ಲದ ಜಾಗ ಬೇಕಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ದೊಡ್ಡಸ್ತಿಕೆಯಿಂದ ನಮ್ಮ ಪಡಸಾಲೆಯನ್ನೇ ತೋರಿಸಿದೆ. ಅವ್ವ ಬೇಡವೆಂದಳು. ಯಾಕೆಂದು ಕೇಳುವ ಗೋಜಿಗೆ ನಾನು ಹೋಗಲಿಲ್ಲ.

ಒಂದು ಯಂತ್ರವನ್ನು ಪಡಸಾಲೆಯಲ್ಲಿ, ಇನ್ನೊಂದನ್ನು ಶಾಲೆಯಲ್ಲಿ ಇಟ್ಟರು. ಆಳದಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಜರುಗಿದರೆ ಅಲೆಗಳು ಎಲ್ಲ ಕಡೆ ಹರಡುತ್ತವೆ. ಮೊದಲು ವೇಗದ ಅಲೆ, ಹಿಂದೆ ನಿಧಾನದ್ದು. ನಡುವಿನ ಅಂತರದಿಂದ ದೂರ ತಿಳಿಯುತ್ತದೆ. ಇದನ್ನೆಲ್ಲ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನು. ಆದರೂ ವಾರದ ನಂತರ ಅಧಿಕಾರಿ ಲ್ಯಾಪ್‌ಟಾಪಿನಲ್ಲಿ ತೋರಿಸಿದ ಎರಡು ಯಂತ್ರಗಳ ಗೆರೆಗಳು ನನಗೆ ಅರ್ಥವಾಗಲಿಲ್ಲ. ಶಾಲೆಯ ಗೆರೆ ನೇರವಾಗಿತ್ತು. ನಮ್ಮ ಮನೆಯ ಗೆರೆಯಲ್ಲಿ ಮಾತ್ರ ದಿನಾ ಮಧ್ಯಾಹ್ನ ಅರ್ಧ ತಾಸು ಸಣ್ಣ ಸಣ್ಣ ಏಟುಗಳು, ಎಲ್ಲ ಒಂದೇ ಅಂತರದಲ್ಲಿ. ಭೂಕಂಪ ಹೀಗೆ ತಾಳ ಹಿಡಿಯುವುದಿಲ್ಲ, ಪ್ರತಿ ಏಟಿನ ಹಿಂದಿನ ಅನುರಣನ ನೋಡಿದರೆ ನಿಮ್ಮ ನೆಲದ ಕೆಳಗೆ ಏನೋ ಪೊಳ್ಳಿದೆ ಎಂದರು ಅವರು. ಅದನ್ನು ಕೇಳಿ ಪಡಸಾಲೆ ದಾಟಲೂ ನನಗೆ ಹೆದರಿಕೆಯಾಯಿತು. ಅಂಥ ಕಡೆ ಅವ್ವನನ್ನು ಒಬ್ಬಳೇ ಬಿಟ್ಟು ಶಾಲೆಗೆ ಹೋಗುವುದು ಹೇಗೆ?

ಮರುದಿನ ಯಾರಿಗೂ ಹೇಳದೆ ಮಧ್ಯಾಹ್ನವೇ ಮನೆಗೆ ಬಂದೆ. ಯಂತ್ರದ ಪಕ್ಕ ಅವ್ವ ಕೂತಿದ್ದಳು. ಬಲಗೈಯಿಂದ ನೆಲದ ಕಲ್ಲನ್ನು ಮೆಲ್ಲಗೆ ತಟ್ಟುತ್ತಿದ್ದಳು, ಕೂಸನ್ನು ಮಲಗಿಸುವ ಹಾಗೆ.

ಕೇಳಿದ್ದಕ್ಕೆ ಕೈ ನಿಲ್ಲಿಸದೆ ಒಂದೊಂದಾಗಿ ಹೇಳಿದಳು. ಆ ಕಲ್ಲಿನ ಕೆಳಗೆ ಹಳೇ ಹಗೇವು ಇತ್ತು, ಜೋಳ ತುಂಬಿ ಮುಚ್ಚಿಡುತ್ತಿದ್ದ ನೆಲದೊಳಗಿನ ಕಣಜ. ಅದು ಎಲ್ಲಿದೆಯೆಂದು ಹೊರಗಿನವರಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅದನ್ನು ಕಾಯಂ ಆಗಿ ಮುಚ್ಚಿಸಿದ ಮೇಲೆ ಹುಟ್ಟಿದ ನನಗೂ ಹೇಳಿರಲಿಲ್ಲ. ನಾನು ಹುಟ್ಟುವ ಮುಂಚೆ ಜ್ವರದಿಂದ ತೀರಿಕೊಂಡಳೆಂದು ಕೇಳಿದ್ದ ಅಕ್ಕನಿಗೆ ಜ್ವರವೇ ಬಂದಿರಲಿಲ್ಲ. ಹಗೇವಿನ ಬಾಯಿ ಸಣ್ಣದೆಂದು, ಜೋಳ ತೆಗೆಯಲು ಆಕೆಯ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ್ದರು. ಬಾಯಿ ತೆರೆದ ಮೇಲೆ ಉಸಿರುಗಟ್ಟಿಸುವ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಕಾಯಬೇಕು. ಅವತ್ತು ಕಾದಿರಲಿಲ್ಲ.

"ಹೊಲದಾಗ ಮಣ್ಣ ಮಾಡಿದ್ವಿ, ಖರೆ," ಎಂದಳು ಅವ್ವ. "ಆದ್ರ ಆಕಿ ಅವ್ವಾ ಅಂತ ಕರದಿದ್ದು ಇಲ್ಲಿಂದ. ನೆಲ ನಡುಗಿದಾಗ ಅಂಜಿರ್ತಾಳ."

ಆಮೇಲೆ ಯಂತ್ರದ ಕಡೆ ನೋಡಿ ಕೇಳಿದಳು: "ಇದಕ್ಕ ಕೆಳಗಿಂದು ಕೇಳಸ್ತೈತಂತಲ್ಲ. ಏನರ ಕೇಳಿಸೈತೇನು?"

ಅಳತೆಯಲ್ಲಿ ಕಂಡದ್ದನ್ನಷ್ಟೇ ಬರೆಯಿರಿ ಎಂದು ಮಕ್ಕಳನ್ನು ಗದರುವವನು ನಾನು. ಅವಳ ಪಕ್ಕ ನೆಲಕ್ಕೆ ಕೂತೆ.

"ಇಲ್ಲವ್ವ," ಎಂದೆ. "ಮಲಗ್ಯಾಳ."