ಕೇಳದೆ ಮಾರಿದ ವಿಮಾನ

ನನ್ನ ವಿಮಾನವನ್ನು ನನ್ನನ್ನು ಕೇಳದೆ ಮಾರಿದರು. ಮಾರಿದವರು ನನ್ನ ತಂಗಿ ಸರೋಜಾ ಮತ್ತು ಅವಳ ಗಂಡ ಗೋವಿಂದಸ್ವಾಮಿ. ಮಾರಿದ ಸ್ಥಳ ಆರ್.ಎಸ್. ಪುರಂನ ಅವರ ಮನೆಯ ನಡುಕೋಣೆ. ಮಾರಿದ ಹೊತ್ತಿನಲ್ಲಿ ನಾನು ಮೆಟ್ಟುಪಾಳ್ಯದ ಒಂದು ಮದುವೆಯಲ್ಲಿ ಬಾಳೆಲೆಯ ಮುಂದೆ ನಿರಪರಾಧಿಯಾಗಿ ಕುಳಿತಿದ್ದೆ. ವಿಮಾನವು ಟೀವಿಯ ಪರದೆಯ ಮೇಲೆ ಮಾತ್ರ ಹಾರುವಂಥದ್ದು, ಗಾತ್ರದಲ್ಲಿ ಸೊಳ್ಳೆಗಿಂತ ಸ್ವಲ್ಪವೇ ದೊಡ್ಡದು ಎಂಬುದನ್ನು ಓದುಗರಿಂದ ಮರೆಮಾಚುವ ಉದ್ದೇಶ ನನಗಿಲ್ಲ. ಆದರೆ ವಸ್ತುವಿನ ಗಾತ್ರದಿಂದ ಅನ್ಯಾಯವನ್ನು ಅಳೆಯುವುದಾದರೆ, ಮೂಗುತಿ ಕದ್ದವನನ್ನು ಯಾರೂ ಕಳ್ಳನೆನ್ನಬೇಕಾಗಿಲ್ಲ.

ಸಿಂಗಪುರದಿಂದ ಬಂದ ಸ್ನೇಹಿತರೊಬ್ಬರು ಗೋವಿಂದಸ್ವಾಮಿಗೆ ಕೊಟ್ಟಿದ್ದ ಆ ಕಂಪ್ಯೂಟರು, ನೋಡುವುದಕ್ಕೆ ಟೈಪ್‌ರೈಟರಿನ ಮುಂಭಾಗವನ್ನಷ್ಟೇ ಕತ್ತರಿಸಿ ತಂದಂತಿತ್ತು. ಅದನ್ನು ಟೀವಿಗೂ ಟೇಪ್ ರೆಕಾರ್ಡರಿಗೂ ಸಿಕ್ಕಿಸಿ ಕ್ಯಾಸೆಟ್ ಓಡಿಸಿದರೆ, ಎಣ್ಣೆ ಕಾಣದ ರಾಟೆಯಂತೆ ಬಹಳ ಹೊತ್ತು ಕಿರುಚಿಕೊಂಡು, ಕಡೆಗೆ ಒಂದು ಆಟ ಅವತರಿಸುತ್ತಿತ್ತು. ಆಟದ ಸಾರಾಂಶ ಸರಳ: ಆರಂಭಕ್ಕೆ ಅಲ್ಪಸ್ವಲ್ಪ ಬಂಡವಾಳ ಕೊಡುತ್ತಾರೆ, ಅದರಲ್ಲಿ ವಿಮಾನ ಕೊಂಡು, ಜನರನ್ನು ಊರಿಂದೂರಿಗೆ ಸಾಗಿಸಿ, ಕಂಪನಿಯನ್ನು ಬೆಳೆಸಬೇಕು. ಗೋವಿಂದಸ್ವಾಮಿಗೆ ಮೊದಲ ದಿನವೇ ಜೆಟ್ ಬೇಕಿತ್ತು. ಸಾಲದ ಮೇಲೆ ಜೆಟ್ ತಂದು ಎರಡು ಸಲ ಕಂಪನಿಯನ್ನು ಶ್ರದ್ಧೆಯಿಂದ ಮುಳುಗಿಸಿದ ಮೇಲೆಯೇ ಅವರಿಗೆ, ಅನ್ನೂರಿನಲ್ಲಿ ಕೈಮಗ್ಗದ ಷೆಡ್ಡು ಇಟ್ಟು ತಲೆ ನರೆಸಿಕೊಂಡ ಒಬ್ಬ ಭಾವನಿದ್ದಾನೆಂಬುದು ನೆನಪಾದದ್ದು. ಅವರ ಗೃಹಪ್ರವೇಶದಲ್ಲಿ ನನಗೆ ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿದ್ದನ್ನು ನಾನು ಇಲ್ಲಿ ಪ್ರಸ್ತಾಪಿಸುವುದಿಲ್ಲ.

ಹಳೆಯ ಮಗ್ಗ ಕೊಳ್ಳುವಾಗ ನಮ್ಮ ನೇಕಾರರಲ್ಲಿ ಯಾರೂ ಮೊದಲು ಬೆಲೆ ಕೇಳುವುದಿಲ್ಲ. ಅದರಲ್ಲಿ ಕುಳಿತು, ತುಳಿದು, ಲಾಳಿ ಓಡಿಸಿ ನೋಡಿ, ಅನಂತರ ಮಾರುವವನ ಮನೆಯಲ್ಲೇ ಕಾಫಿ ಕುಡಿಯುತ್ತ, ‘ಯಾಕೆ ಕೊಡುತ್ತಿದ್ದೀರಿ?’ ಎಂದು ವಿಚಾರಿಸುತ್ತೇವೆ. ಉತ್ತರಕ್ಕಿಂತ ಉತ್ತರಿಸುವವನ ಮುಖವನ್ನು ಪರೀಕ್ಷಿಸುತ್ತೇವೆ. ಪರದೆಯ ಮೇಲಿನ ಹಳೆಯ ವಿಮಾನಗಳ ಸಂತೆಯಲ್ಲಿ ಆಸನಗಳೆಷ್ಟು, ವಯಸ್ಸೆಷ್ಟು, ಬೆಲೆಯೆಷ್ಟು ಎಂಬುದೆಲ್ಲ ಇತ್ತು, ಮುಖ ಮಾತ್ರ ಇರಲಿಲ್ಲ. ವಿಮಾನ ಆರಿಸುವ ಕೆಲಸ ನನ್ನದು, ಗುಂಡಿ ಒತ್ತುವ ಅಧಿಕಾರ ಸರೋಜಾಳದು. ನಾನು ಅವಳನ್ನೇ ಕೇಳಿದೆ:

“ಇದನ್ನ ಯಾಕಮ್ಮ ಮಾರ್ತಾ ಇದಾನೆ?”

“ಯಾರಣ್ಣ ಮಾರೋದು? ಒಳಗೆ ಆಳೇ ಇಲ್ಲ.”

“ಆಳಿಲ್ದೆ ಯಾಪಾರ ಹೆಂಗಮ್ಮ ಆಯ್ತದೆ?”

“ಬಾವ, ಹೆಣ್ಣು ನೋಡಕ್ಕೆ ಬಂದಂಗೆ ವಾರವಾರ ಬಂದು ನೋಡ್ಕೊಂಡು ಹೋಯ್ತೀರಲ್ಲ! ಸೀಕ್ರಂ ಒಂದು ಮುಡಿವು ಮಾಡಿ,” ಎಂದು ತಮಿಳು ಬೆರೆಸಿ, ಬೇಗ ತೀರ್ಮಾನಿಸುವಂತೆ ಒತ್ತಾಯಿಸಿದರು ಗೋವಿಂದಸ್ವಾಮಿ.

ನಾನು ಅವಸರಿಸಲಿಲ್ಲ. ಹಲವು ಭಾನುವಾರಗಳನ್ನೂ ಅನ್ನೂರಿನ ಟೌನ್ ಬಸ್ಸಿನ ಕುಲುಕಾಟವನ್ನೂ ವೆಚ್ಚಮಾಡಿದ ಮೇಲೆ ಕಣ್ಣಿಗೆ ಬಿತ್ತು, ಎರಡು ಪ್ರೊಪೆಲ್ಲರುಗಳ ಒಂದು ಪುಟ್ಟ ವಿಮಾನ: ವಯಸ್ಸಾಗಿತ್ತು, ಆದರೆ ಹಾರಿದ್ದು ಕಡಿಮೆ. ಯಾವನೋ ಶೋಕಿಗಾಗಿ ಇಟ್ಟುಕೊಂಡು ಬೇಸತ್ತು ಬಿಟ್ಟದ್ದೆಂದು ತರ್ಕಿಸಿ, ನಮ್ಮ ಶಕ್ತಿಗೆ ನಿಲುಕುವ ಬೆಲೆಗೆ ಕೊಂಡೆವು. ಹೆಸರಿಡಿ ಎಂದಿತು ಆಟ. ಕುಲದೇವತೆಯ ಹೆಸರಿನಲ್ಲಿ ‘ಚೌಡಮ್ಮ’ ಎಂದೆ. ಸರೋಜಾ ಟೀವಿಯ ಹಣೆಗೆ ಕುಂಕುಮವಿಟ್ಟಳು. ನಾನು ಕಾಣದ, ಉಚ್ಚರಿಸಲೂ ಬಾರದ ಹೆಸರಿನ ಎರಡು ಪಟ್ಟಣಗಳ ನಡುವೆ ನಮ್ಮ ಚೌಡಮ್ಮ ಗುಡುಗುಡು ಎನ್ನದೆ, ಮೌನವಾಗಿ, ಚುಕ್ಕೆಯಾಗಿ ಹಾರಿದಳು.

ಅಮಾವಾಸ್ಯೆಯಂದು ನಮ್ಮಲ್ಲಿ ಮಗ್ಗ ಆಡುವುದಿಲ್ಲ. ಚೌಡಮ್ಮನಿಗೂ ಆಟದ ಪ್ರತಿ ತಿಂಗಳಲ್ಲಿ ಒಂದು ದಿನ ಬಿಡುವು ಕೊಡತಕ್ಕದ್ದೆಂದು ಆಜ್ಞಾಪಿಸಿದೆ.

“ಬಾವ, ಅಲ್ಲಿ ಆಕಾಶದಲ್ಲಿ ಚಂದ್ರನೇ ಇಲ್ಲ. ಅಮಾಸೆ ಎಲ್ಲಿಂದ ಬಂತು?” ಎಂದು ಗೋವಿಂದಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಚಂದ್ರ ಇಲ್ದೆ ಇದ್ರೇ ಅಲ್ವಾ ಮಾಪ್ಳೆ, ಅಮಾಸೆ?” ಎಂದೆ.

ನನ್ನ ಜೀವಮಾನದಲ್ಲಿ ಸಕಾಲಕ್ಕೆ ಹೊಳೆದ ಉತ್ತರಗಳು ವಿರಳವಾದುದರಿಂದ ಇದನ್ನು ದಾಖಲಿಸುತ್ತಿದ್ದೇನೆ. ಹಾರದೆ ನಿಂತ ದಿನ ಯಂತ್ರದ ದುರಸ್ತಿ ತಾನಾಗಿಯೇ ನಡೆಯುವ ಏರ್ಪಾಡು ಆ ಆಟದಲ್ಲಿತ್ತೆಂದು ಆಮೇಲೆ ತಿಳಿಯಿತು. ಚೌಡಮ್ಮ ಒಂದು ಸಲವೂ ಕೆಡಲಿಲ್ಲ. ಇದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ. ಇತ್ತೆಂದು ಯಾರಾದರೂ ಹೊಗಳಿದಾಗ ನಾನು ತೀವ್ರವಾಗಿ ಪ್ರತಿಭಟಿಸಲೂ ಇಲ್ಲ.

ಮೆಟ್ಟುಪಾಳ್ಯದ ಮದುವೆ ಮುಗಿಸಿ ಮುಂದಿನ ಭಾನುವಾರ ಬಂದು ನೋಡುತ್ತೇನೆ, ಚುಕ್ಕೆಯಿದ್ದ ಜಾಗದಲ್ಲಿ ಒಂದು ಪಟ್ಟೆ.

“ಚೌಡಮ್ಮ ಎಲ್ಲಿ?”

“ಕೊಟ್ಬಿಟ್ಟೊ ಬಾವ. ಜೆಟ್ ತಕ್ಕೊಂಡೊ. ನೋಡಿ, ಆನೆ ಇದ್ದಂಗದೆ!”

“ಕಾಫಿ ಆರೋಯ್ತದೆ, ಕುಡಿಯಣ್ಣ,” ಎಂದಳು ಸರೋಜಾ, ನನ್ನ ಮುಖ ನೋಡದೆ.

ಕಾಫಿ ಕುಡಿದೆ. ತಂಗಿಯ ಗಂಡ ನಮ್ಮ ಮನೆತನಕ್ಕೆ ‘ಮಾಪ್ಳೆ’. ಈ ಸೀಮೆಯಲ್ಲಿ ಮಾಪ್ಳೆಯೆಂದರೆ ಎದುರಾಡಬಾರದ, ದನಿಯೇರಿಸಬಾರದ, ಅವರು ಬಯಸಿದ್ದನ್ನು ಇಲ್ಲವೆನ್ನಬಾರದ ವ್ಯಕ್ತಿ. ದೇವರಿಗೂ ಅವರಿಗೂ ಇರುವ ವ್ಯತ್ಯಾಸವೆಂದರೆ ದೇವರ ಮೇಲೆ ಮುನಿಸಿಕೊಳ್ಳಬಹುದು. ಈ ಸಲದ ಜೆಟ್ಟಾದರೂ ಮುಳುಗಿದ್ದರೆ ನನ್ನ ಮೌನಕ್ಕೊಂದು ಘನತೆ ಬರುತ್ತಿತ್ತು. ಅದು ಮುಳುಗಲಿಲ್ಲ. ಚೌಡಮ್ಮ ದುಡಿದು ಕೂಡಿಸಿದ್ದರ ಮೇಲೆ ನಿಂತು ಚೆನ್ನಾಗಿಯೇ ಹಾರಿತು, ಮತ್ತೊಂದು ಜೆಟ್ಟನ್ನೂ ತಂದಿತು. ಗೋವಿಂದಸ್ವಾಮಿಯ ಲೆಕ್ಕಾಚಾರ ಸರಿಯಾಗಿತ್ತೆಂದು ನಾನು ಪ್ರಾಮಾಣಿಕವಾಗಿ, ಹಲ್ಲು ಕಚ್ಚಿಕೊಂಡು ಒಪ್ಪುತ್ತೇನೆ.

ಆದರೂ ಪ್ರತಿ ಭಾನುವಾರ ಕಂಪನಿಯ ವೈಭವ ನೋಡುವ ನೆಪದಲ್ಲಿ ಹಳೆಯ ವಿಮಾನಗಳ ಸಂತೆಯನ್ನು ತೆರೆಯಿಸುತ್ತಿದ್ದೆ. ಒಂದು ಸಂಜೆ ಅಲ್ಲಿ ಚೌಡಮ್ಮ ಕಂಡಳು. ವಯಸ್ಸು ಏರಿತ್ತು, ಬೆಲೆ ಇಳಿದಿತ್ತು. ಅಮಾವಾಸ್ಯೆಯೆನ್ನದೆ ದುಡಿಸಿದ್ದರೆಂಬುದು ದುರಸ್ತಿಯ ಅಂಕಿಯಲ್ಲೇ ತಿಳಿಯುತ್ತಿತ್ತು.

“ತಕ್ಕೊಳಮ್ಮ,” ಎಂದೆ ಸರೋಜಾಳಿಗೆ. ಅವಳ ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಕಣ್ಣು ಗಂಡನ ಕಡೆ ಹೋಯಿತು.

“ಬೇಡ ಬಾವ, ಅದನ್ನ ಎಲ್ಲಿ ಬಿಡೋದು? ಅದಕ್ಕೆ ರೂಟೇ ಇಲ್ಲ,” ಎಂದರು ಅವರು. ಸ್ವರದಲ್ಲಿ ಕೆಡುಕಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ನಾನು ‘ಆಗಲಿ ಮಾಪ್ಳೆ’ ಎಂದೆ. ಆಟದ ಮುಂದಿನ ತಿಂಗಳು ಯಾವುದೋ ಎದುರಾಳಿ ಕಂಪನಿ ಅವಳನ್ನು ಕೊಂಡೊಯ್ದಿತು.

ಆ ರಾತ್ರಿಯ ಬಸ್ಸಿನಲ್ಲಿ ನನಗೆ ತಿಳಿದದ್ದು ಇಷ್ಟು: ನನ್ನ ಮಾತು ನಡೆಯಬೇಕೆಂಬ ಹಟ ನನ್ನಲ್ಲಿ ಎಂದೂ ಬಲವಾಗಿರಲಿಲ್ಲ. ನಡೆಯದಿದ್ದರೂ ಚಿಂತೆಯಿಲ್ಲ, ಮಾತು ನನ್ನ ಬಾಯಿಂದ ಹೊರಡುವ ತನಕ ಜನ ಕಾದಿರಲಿ ಎಂಬುದಷ್ಟೇ ನನ್ನ ವಯಸ್ಸಿನ ಆಸೆ. ಆದುದರಿಂದ ಎದುರಿಗೆ ಆಡಲಾಗದ್ದನ್ನು ಇಲ್ಲಿ ಬರೆದು, ಸವಿನಯವಾಗಿ ವಿಚಾರಿಸುತ್ತಿದ್ದೇನೆ. ಮಾಪ್ಳೆಯವರೇ, ಸರೋಜಾ, ನೀವು ಬಯಸಿದ್ದಕ್ಕೆ ಇಲ್ಲವೆನ್ನುವ ಹಕ್ಕೇ ಇಲ್ಲದವನು ನಾನು. ಅಂಥವನನ್ನು ಒಂದು ಮಾತು ಕೇಳುವುದಕ್ಕೆ ನಿಮಗಿಬ್ಬರಿಗೂ ಯಾವ ಭಯವಿತ್ತು?