ಹೊಸ್ತಿಲು ದಾಟಿದ ಬೆರಳು

ನಲ್ಲೂರಿನ ಮುನಿರಾಮಯ್ಯನಿಗೂ ಅವನ ಮನೆಗೂ ಇದ್ದದ್ದು ಹತ್ತು ಹೆಜ್ಜೆ ದೂರ. ಬೀದಿಯ ಈಚೆ ಅಕ್ಕ ಮಾರಕ್ಕನ ಜಗಲಿ, ಆಚೆ ಅವನ ಮನೆ, ನಡುವೆ ಒಂದು ಸಿಮೆಂಟ್ ರಸ್ತೆ ಮತ್ತು ಒಂದು ಚರಂಡಿ. ಆದರೆ ಆ ಮನೆಗೆ ಬೀಗ ಬಿದ್ದಿತ್ತು, ಬಾಗಿಲಿಗೆ ಜಾಲಿಮುಳ್ಳು ಅಡ್ಡ ಹಾಕಿತ್ತು, ಮೂರು ತಿಂಗಳು ಯಾರೂ ಆ ಹೊಸ್ತಿಲು ತುಳಿಯಬಾರದೆಂದು ಜೋಯಿಸರು ಹೇಳಿದ್ದರು. ಹಾಗಾಗಿ ಅರವತ್ತೊಂದು ವರ್ಷದ ಮುನಿರಾಮಯ್ಯ ಅಕ್ಕನ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು, ಎದುರು ಮನೆಯೊಳಗಿದ್ದ ತನ್ನ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದ.

ಅವನ ತಾಯಿ ಅಕ್ಕಯಮ್ಮ ಎಂಬತ್ತೆಂಟನೇ ವಯಸ್ಸಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಕಾಫಿಗೆ ಸಕ್ಕರೆ ಕಮ್ಮಿಯಾಯಿತೆಂದು ಮಗನನ್ನು ಬೈದು ಮುಗಿಸಿ, ಹಾಗೇ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಪಂಚಾಂಗ ತಿರುವಿದ ಮನೋಹರ ಜೋಯಿಸರು ನಕ್ಷತ್ರ ಸರಿಯಿಲ್ಲ, ಮನೆ ಬಿಡಬೇಕು ಅಂದರು. ನಮ್ಮ ಕಡೆ ಇದೇನೂ ಹೊಸದಲ್ಲ. ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆಯವರು ಕಾರ್ಯ ಮುಗಿಸಿ ಬಾಗಿಲು ಹಾಕಿಕೊಂಡು ಬೇರೆ ಕಡೆ ಇರಬೇಕು. ಮೀರಿ ಒಳಗೆ ಹೋದರೆ ಅದೇ ಮನೆಯಲ್ಲಿ ಇನ್ನೊಂದು ಸಾವು ಎನ್ನುವುದು ನಂಬಿಕೆ. ಆ ಮನೆಯಲ್ಲಿ ಉಳಿದಿದ್ದ ಇನ್ನೊಂದು ಜೀವ ಮುನಿರಾಮಯ್ಯನೇ. ಮದುವೆಯಾಗಿರಲಿಲ್ಲ. ನೋಡಿದ ಹೆಣ್ಣುಗಳಿಗೆಲ್ಲ ಅಕ್ಕಯಮ್ಮ ಒಂದೊಂದು ಐಬು ಹೇಳಿ, ಕೊನೆಗೆ ಐಬು ಹೇಳಲು ಹೆಣ್ಣೇ ಸಿಗದ ಹಾಗಾಗಿತ್ತು. ಎರಡು ವರ್ಷದ ಹಿಂದೆ ಅವನ ಎದೆಗೆ ಸ್ಟೆಂಟ್ ಬೇರೆ ಹಾಕಿದ್ದರು. ಇದನ್ನೆಲ್ಲ ಕೂಡಿಸಿ ನೋಡಿದ ಮಾರಕ್ಕ ತಾನೇ ಬೀಗ ಜಡಿದು, ಬೀಗದ ಕೈಯನ್ನು ಎಲೆಅಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳಿಗೆ ಇದ್ದವನು ಒಬ್ಬನೇ ತಮ್ಮ.

ಮುನಿರಾಮಯ್ಯ ದೇವನಹಳ್ಳಿ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳನ್ನು ಹೊರಡಿಸುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿದವನು. ಕಂಬಿ ಹಾಕಿದ ಗೂಡಿನಲ್ಲಿ ಕೂತು, ಒಂದು ಸ್ಟೇರಿಂಗನ್ನೂ ಮುಟ್ಟದೆ, ಸಾವಿರಾರು ಬಸ್ಸುಗಳನ್ನು ಓಡಿಸಿದೆ ಎಂದು ಅವನಿಗೆ ಜಂಬ. ಅಂಥವನಿಗೆ ನಿವೃತ್ತಿಯಾದ ಮೇಲೆ ಕೈಯಲ್ಲಿ ಹೊರಡಿಸಲು ಏನೂ ಇಲ್ಲದೆ ಮೈ ಪರಚಿಕೊಳ್ಳುವಂತಾಯಿತು. ಒಂದು ಕಂಪ್ಯೂಟರ್ ಕೊಂಡ. ಅದು ಕೆಟ್ಟಾಗಲೆಲ್ಲ ನಿಲ್ದಾಣದ ಎದುರಿನ ಅಂಗಡಿಯ ರಿಜ್ವಾನನಿಗೆ ಫೋನು ಮಾಡಿದ. ದಿನಕ್ಕೆ ನಾಲ್ಕು ಸಲ ಫೋನು ಬಂದು ಬೇಸತ್ತ ರಿಜ್ವಾನ್, ಅಂಗಡಿಯಲ್ಲೇ ಕೂತು ಆ ಕಂಪ್ಯೂಟರನ್ನು ಸರಿಮಾಡುವ ಹಾಗೆ ಒಂದು ಆ್ಯಪ್ ಹಾಕಿಕೊಂಡ. ಬಾಣದ ಗುರುತು ತಾನಾಗಿ ಓಡಾಡಿದ್ದನ್ನು ನೋಡಿ ಮುನಿರಾಮಯ್ಯ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ತನಗೂ ಅದೇ ಬೇಕೆಂದು ಹಟ ಹಿಡಿದು ಟ್ಯಾಬಿಗೆ ಹಾಕಿಸಿಕೊಂಡ. ಅಂದಿನಿಂದ ಅವನು ಕಂಪ್ಯೂಟರಿನ ಮುಂದೆ ಕೂತದ್ದೇ ಇಲ್ಲ. ಹಿತ್ತಲಿನಿಂದ, ಮಂಚದಿಂದ, ಹುಣಸೆ ತೋಪಿನ ನೆರಳಿನಿಂದ ಅದನ್ನು ನಡೆಸುತ್ತಿದ್ದ. ಮಾಡುತ್ತಿದ್ದ ಕೆಲಸ ಮಾತ್ರ ಇಸ್ಪೀಟು.

ಮನೆ ಬಿಡುವ ಗಡಿಬಿಡಿಯಲ್ಲಿ ಕಂಪ್ಯೂಟರನ್ನು ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ಮೂರನೇ ದಿನ ಜಗಲಿಯ ಮೇಲೆ ಬೇಜಾರಿಗೆ ಟ್ಯಾಬ್ ತೆರೆದರೆ, ಆ ಆ್ಯಪಿನಲ್ಲಿ ಮನೆಯ ಹೆಸರಿನ ಪಕ್ಕ, ಕಂಪ್ಯೂಟರ್ ಇನ್ನೂ ಎದ್ದಿದೆ ಎನ್ನುವ ಹಸಿರು ಚುಕ್ಕೆ ಉರಿಯುತ್ತಿತ್ತು. ಮುನಿರಾಮಯ್ಯ ಒತ್ತಿದ. ಬೀಗ, ಮುಳ್ಳು, ನಕ್ಷತ್ರ ಯಾವುದೂ ಅಡ್ಡ ಬರಲಿಲ್ಲ.

ಅವನು ಸುಮ್ಮನೆ ಆಡಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮೈಕಿನ ಮುಂದೆ ಬೆಳೆದ ಬಾಯಿ. ರೊಟ್ಟಿ ತಟ್ಟುತ್ತಿದ್ದ ಅಕ್ಕನನ್ನು ಕರೆದು, ನಾನೀಗ ಎಲ್ಲಿದ್ದೀನಿ ಹೇಳು ನೋಡೋಣ ಅಂದ. ಜಗಲಿ ಮೇಲೆ ಅಂದಳು ಮಾರಕ್ಕ. ಅಲ್ಲ, ಮನೆ ಒಳಗೆ ಅಂದ ಇವನು, ತೋರಿಸಿಯೂ ಬಿಟ್ಟ. ಮಾರಕ್ಕ ಹಿಟ್ಟಿನ ಕೈಯಲ್ಲೇ ಜೋಯಿಸರ ಮನೆಗೆ ಓಡಿದಳು.

ಮನೋಹರ ಜೋಯಿಸರು ಒಳ್ಳೆಯವರು, ಆದರೆ ಅವರ ಮುಂದೆ ಇಂಥ ಪ್ರಶ್ನೆ ಬಂದದ್ದು ಮೊದಲ ಸಲ. ಬಂದು ಜಗಲಿಯ ಮೇಲೆ ಕೂತು, ಟ್ಯಾಬನ್ನು ಮುಟ್ಟದೆ ಬಗ್ಗಿ ನೋಡಿದರು. ಕಾಲು ಹೋಗಿಲ್ಲ, ಹಾಗಾಗಿ ಪ್ರವೇಶ ಆಗಿಲ್ಲ ಎಂದು ಮೊದಲು ತೀರ್ಮಾನಿಸಿದರು. ಮುನಿರಾಮಯ್ಯ ಅಲ್ಲಿಗೆ ಕೈಮುಗಿದು ಕಳಿಸಿದ್ದರೆ ಬಚಾವಾಗುತ್ತಿದ್ದ. ಎದ್ದು ಹೊರಟವರು ಚಪ್ಪಲಿ ಮೆಟ್ಟುತ್ತಾ, ಇಲ್ಲಿ ಒತ್ತಿದರೆ ಅಲ್ಲಿ ನಿಜವಾಗಿ ಏನಾದರೂ ಅಲುಗಾಡುತ್ತದೆಯೇ ಎಂದು ಕೇಳಿದರು. ಅಲುಗಾಡದೆ ಏನು ಸ್ವಾಮಿ, ನಾನು ಹೇಳಿದ ಹಾಗೆ ಕೇಳುತ್ತೆ ಎಂದು ಇವನು ಎದೆಯುಬ್ಬಿಸಿದ. ಜೋಯಿಸರು ಚಪ್ಪಲಿ ಬಿಟ್ಟು ಮತ್ತೆ ಕೂತರು.

ಅರ್ಧ ಗಂಟೆ ಲೆಕ್ಕಾಚಾರ ನಡೆಯಿತು. ಕೊನೆಗೆ ಬಂದ ತೀರ್ಪು ಇಷ್ಟು: ಮುನಿರಾಮಯ್ಯ ಹೊರಗಿದ್ದಾನೆ, ಅವನ ಬಲಗೈಯ ತೋರುಬೆರಳು ಮಾತ್ರ ಒಳಗೆ ಹೋಗಿ ಬಂದಿದೆ. ಆದ್ದರಿಂದ ಆ ಬೆರಳಿಗೆ ಹನ್ನೊಂದು ದಿನ ಅರಿಸಿನದ ನೀರಿನ ಸ್ನಾನ ಆಗಬೇಕು. ಇನ್ನು ಮುಂದೆ ನೋಡಬಹುದು, ಮುಟ್ಟಬಾರದು.

ಹನ್ನೊಂದು ದಿನ ಆ ಬೆರಳು ಉಳಿದ ಬೆರಳುಗಳ ಜೊತೆ ಊಟಕ್ಕೂ ಸೇರಲಿಲ್ಲ. ನಾಲ್ಕೇ ಬೆರಳಲ್ಲಿ ಮುದ್ದೆ ಮುರಿಯುತ್ತಿದ್ದ ಮುನಿರಾಮಯ್ಯನ ಎದುರು ಕೂತು ಮಾರಕ್ಕ ಕಣ್ಣಿಟ್ಟು ಕಾಯುತ್ತಿದ್ದಳು. ಅಷ್ಟಕ್ಕೂ ಸಮಾಧಾನವಾಗದೆ ಅವನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು, ಮನೆಯೊಳಗಿನ ಕಂಪ್ಯೂಟರನ್ನು ಮುಟ್ಟುವುದಿಲ್ಲವೆಂದು ಆಣೆ ಹಾಕಿಸಿದಳು. ಅವನು ಮನಸ್ಸಿಲ್ಲದ ಮನಸ್ಸಿನಿಂದ ಹಾಕಿದ. ಆಮೇಲೆ ದಿನವೂ ಟ್ಯಾಬ್ ತೆರೆದು, ಅರ್ಧಕ್ಕೆ ನಿಂತ ಇಸ್ಪೀಟಿನ ಎಲೆಗಳನ್ನು ಕೈಕಟ್ಟಿ ನೋಡುತ್ತಿದ್ದ.

ಮನೆ ಬಿಟ್ಟ ಇಪ್ಪತ್ತೆರಡನೇ ದಿನ ಎಲೆಗಳ ಮೇಲೆ ಒಂದು ಕೆಂಪು ಗುರುತಿನ ಪಟ್ಟಿ ಬಂತು. ಫೋಟೊ ತೆಗೆದು ರಿಜ್ವಾನನಿಗೆ ಕಳಿಸಿದ. ಹಾರ್ಡ್ ಡಿಸ್ಕ್ ಹೋಗುವ ಸ್ಥಿತಿಯಲ್ಲಿದೆ, ಒಳಗೆ ಬೇಕಾದದ್ದೇನಾದರೂ ಇದ್ದರೆ ಇವತ್ತೇ ತೆಗೆದುಬಿಡಿ, ಒಂದು ಸಲ ನಿಂತರೆ ಮತ್ತೆ ಏಳುವುದಿಲ್ಲ ಎಂದು ಅವನು ಹೇಳಿದ.

ಬೇಕಾದದ್ದು ಒಂದಿತ್ತು. ಹೋದ ವರ್ಷ ತಾಯಿಯ ಬಾಯಲ್ಲಿ ಬೀಸುವ ಪದ ಹಾಡಿಸಿ ಇಟ್ಟುಕೊಳ್ಳಬೇಕೆಂದು ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿದ್ದ. ಅಕ್ಕಯಮ್ಮ ಎರಡು ಸಾಲು ಹಾಡಿ, ಮೂರನೆಯದಕ್ಕೆ ನಿಲ್ಲಿಸಿ, ರಾಗಿಗೆ ಬಾಯಿ ಹಾಕಿದ ಕೋಳಿಯನ್ನು ಓಡಿಸಲಿಲ್ಲವೆಂದು ಅವನನ್ನೇ ಬೈದಿದ್ದಳು. ಅವನು ಮೈಕನ್ನು ಹಾಗೇ ಬಿಟ್ಟು ಕೋಳಿಯ ಹಿಂದೆ ಓಡಿದ್ದ. ಹನ್ನೊಂದು ನಿಮಿಷದ ಆ ಫೈಲನ್ನು ಅವನು ಪೂರ್ತಿ ಕೇಳಿಯೇ ಇರಲಿಲ್ಲ. ತಾಯಿ ಪಕ್ಕದಲ್ಲೇ ಕೂತು ದಿನವೂ ಬೈಯುತ್ತಿದ್ದಾಗ, ಬೈಗುಳದ ರೆಕಾರ್ಡು ಯಾರಿಗೆ ಬೇಕು? ಈಗ ಲೋಕದಲ್ಲಿ ಅಕ್ಕಯಮ್ಮನ ದನಿ ಉಳಿದಿದ್ದದ್ದು ಅಲ್ಲೊಂದೇ ಕಡೆ, ಬೀಗ ಹಾಕಿದ ಮನೆಯ ಸಾಯುತ್ತಿರುವ ಪೆಟ್ಟಿಗೆಯಲ್ಲಿ. ಅದು ಹೋದರೆ ಅವಳು ಎರಡನೇ ಸಲ ಸತ್ತಂತೆ ಎಂದು ಮುನಿರಾಮಯ್ಯನಿಗೆ ಅನ್ನಿಸಿತು.

ಆಣೆ ಇದ್ದದ್ದು ತನ್ನ ಬೆರಳಿಗೆ, ರಿಜ್ವಾನನ ಬೆರಳಿಗಲ್ಲ ಎಂಬುದು ಅವನಿಗೆ ಹೊಳೆಯಿತು. ಅಂಗಡಿಯಿಂದಲೇ ನೀನು ತೆಗೆದುಬಿಡಪ್ಪ ಎಂದು ಬೇಡಿಕೊಂಡ. ರಿಜ್ವಾನ್ ಒಪ್ಪಲಿಲ್ಲ.

"ನಮ್ಮಲ್ಲಿ ಇದೆಲ್ಲಾ ಇಲ್ಲ ಸಾರ್, ನಾನು ನಂಬೋದೂ ಇಲ್ಲ. ಆದ್ರೂ ನಂಗೆ ಹೆಂಡ್ತಿ ಇದಾಳೆ, ಎರಡು ಮಕ್ಕಳಿದಾವೆ. ನೀವೇ ಒತ್ಬಿಡಿ, ನಾನು ಫೋನಲ್ಲಿ ಹೇಳ್ಕೊಡ್ತೀನಿ."

ಮಧ್ಯಾಹ್ನ ಹನ್ನೆರಡೂವರೆ. ಮಾರಕ್ಕ ಒಳಗೆ ಸಾರು ಕುದಿಸುತ್ತಿದ್ದಳು. ಮುನಿರಾಮಯ್ಯ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ. ಆಣೆಯಿಟ್ಟ ಅಕ್ಕನ ತಲೆಗೆ ಏನೂ ಆಗದಿರಲಿ ಎಂದು ಮನೆದೇವರಿಗೆ ಹೇಳಿಕೊಂಡು, ತೋರುಬೆರಳು ಬೇಡವೆಂದು ಕಿರುಬೆರಳನ್ನು ಚಾಚಿದ. ಫೈಲಿನ ಮೇಲೆ ಒತ್ತಿ ಹಿಡಿದುಕೊಳ್ಳಿ, ಎರಡು ಸಲ ತಟ್ಟಬೇಡಿ, ತಟ್ಟಿದರೆ ಹಾಡಲು ಶುರುವಾಗುತ್ತೆ ಎಂದು ರಿಜ್ವಾನ್ ಮೂರು ಸಲ ಹೇಳಿದ. ಕೆಲಸ ಮಾಡಿ ಅಭ್ಯಾಸವಿಲ್ಲದ ಕಿರುಬೆರಳು ಜಾರಿತು. ಎರಡು ಸಲ ತಟ್ಟಿತು.

ಅಕ್ಕಯಮ್ಮನಿಗೆ ಕಿವಿ ಮಂದವೆಂದು ಸ್ಪೀಕರಿನ ದನಿಯನ್ನು ಪೂರ್ತಿ ಏರಿಸಿಟ್ಟದ್ದು ಹಾಗೇ ಇತ್ತು. ಮುಳ್ಳು ಹಾಕಿದ ಬಾಗಿಲಿನ ಹಿಂದಿನಿಂದ, ಸತ್ತು ತಿಂಗಳು ಮೀರಿದ ಮುದುಕಿ ಬೀದಿಗೆಲ್ಲ ಕೇಳುವಂತೆ ಎರಡು ಸಾಲು ಬೀಸುವ ಪದ ಹಾಡಿ, ನಿಲ್ಲಿಸಿ, ಲೇ ಮುನಿಯಾ ಎಂದು ಬೈಯತೊಡಗಿದಳು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ದೊಡ್ಡಬೀರಪ್ಪ ಎಮ್ಮೆಯನ್ನು ಅಲ್ಲೇ ಬಿಟ್ಟು ಓಡಿದ. ಎಮ್ಮೆ ನಿಂತು ಕೇಳಿತು. ಎದುರು ಸಾಲಿನ ಬಾಗಿಲುಗಳು ಒಂದೊಂದಾಗಿ ತೆರೆದು, ವಿಷಯ ತಿಳಿದು, ಇನ್ನೂ ಬೇಗ ಮುಚ್ಚಿಕೊಂಡವು. ಜೋಯಿಸರು ತಮ್ಮ ಮನೆಯ ಮೂಲೆಯವರೆಗೆ ಬಂದು ಅಲ್ಲೇ ನಿಂತರು.

ಮುನಿರಾಮಯ್ಯ ಗಾಬರಿಯಲ್ಲಿ ಹತ್ತೂ ಬೆರಳಿನಿಂದ ಗಾಜನ್ನು ತಡವುತ್ತಿದ್ದ. ಅಷ್ಟರಲ್ಲಿ ಮಾರಕ್ಕ ಸೌಟು ಹಿಡಿದೇ ಹೊರಗೆ ಬಂದಳು. ಅವಳ ಮುಖ ಸುಣ್ಣದಂತಾಗಿತ್ತು. ಅವನು ತಲೆ ತಗ್ಗಿಸಿದ.

ಒಳಗೆ ಬೈಗುಳ ಮುಗಿಯಿತು. ಕೋಳಿಯ ಹಿಂದೆ ಓಡುತ್ತಿರುವ ಹೆಜ್ಜೆಯ ಸದ್ದು ಬಂತು. ಆಮೇಲೆ ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಅದರ ಮುಂದಿನದನ್ನು ಮುನಿರಾಮಯ್ಯನೂ ಕೇಳಿರಲಿಲ್ಲ.

"ಯಾರು, ಮಾರೀನಾ? ಹೊಸ್ಲಲ್ಲಿ ಯಾಕೆ ನಿಂತ್ಕಂಡಿದ್ದೀಯೇ, ಒಳಕ್ಕೆ ಬಾ. ಮೊರ ಆಮೇಲೆ ಕೊಡೀವಂತೆ. ಮುಖ ನೋಡು ಹೆಂಗೆ ಬಾಡೋಗದೆ. ಬಾ, ಒಂದು ತುತ್ತು ತಿನ್ಕಂಡು ಹೋಗು."

ಮಾರಕ್ಕನ ಕೈಯ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಅರವತ್ತೆಂಟು ವರ್ಷದ ಹೆಂಗಸು, ಯಾರಿಗೋ ಉತ್ತರ ಕೊಡುವವಳಂತೆ ಬಂದೆ ಕಣಮ್ಮ ಅಂದಳು. ಅಂದು ರಸ್ತೆ ದಾಟಿದಳು. ಬರಿಗೈಯಲ್ಲಿ ಜಾಲಿಮುಳ್ಳನ್ನು ಎಳೆದು ಪಕ್ಕಕ್ಕೆ ಹಾಕಿದಳು, ಎಲೆಅಡಿಕೆ ಚೀಲದಿಂದ ಬೀಗದ ಕೈ ತೆಗೆದಳು. ಜೋಯಿಸರು ದೂರದಿಂದಲೇ ಕೈ ಎತ್ತಿ ಏನೋ ಹೇಳಿದರು, ಅವಳು ತಿರುಗಿ ನೋಡಲಿಲ್ಲ.

"ಅಕ್ಕ, ಅದು ರೆಕಾರ್ಡು ಕಣೆ" ಎಂದ ಮುನಿರಾಮಯ್ಯ ಜಗಲಿಯಿಂದ.

"ನಂಗೊತ್ತಿಲ್ವೇನೋ? ಕರೆದ ಮೇಲೂ ಹೊರಗೆ ನಿಂತ್ಕೊಳ್ಳೋಕಾಗ್ತದಾ?"

ಅವಳು ಒಳಗೆ ಹೋದಳು. ಇವನು ಹೋಗಲಿಲ್ಲ. ಒಂದು ಆಣೆ ಮುರಿದದ್ದೇ ಸಾಕು, ಹೊಸ್ತಿಲನ್ನೂ ಮೀರಲು ಧೈರ್ಯವಿರಲಿಲ್ಲ. ರೆಕಾರ್ಡಿನಲ್ಲಿ ತಾಯಿ ತಟ್ಟೆ ಇಡುವುದು, ಮಗಳು ಬೇಡ ಬೇಡ ಅನ್ನುವುದು ಎಲ್ಲ ಬೀದಿಗೆ ಕೇಳಿ, ಕೊನೆಗೆ ನಿಂತಿತು. ಫೋನಿನಲ್ಲಿ ರಿಜ್ವಾನ್ ಅವಸರ ಮಾಡುತ್ತಿದ್ದ. ಮೊದಲು ಕಾಪಿ ಮಾಡಿ ಸಾರ್, ಡಿಸ್ಕ್ ಇನ್ನೇನು ಹೋಗೋ ಹಾಗಿದೆ, ಇನ್ನೊಂದು ಸಲ ಓಡಿಸಿದರೆ ಉಳಿಯುತ್ತೆ ಅಂತ ನಾನು ಹೇಳೋಲ್ಲ ಅಂದ. ಮುನಿರಾಮಯ್ಯ ಫೈಲನ್ನು ಒತ್ತಿ ಹಿಡಿಯಲು ಬೆರಳು ಚಾಚಿದ.

"ಮುನಿಯ" ಎಂದು ಒಳಗಿನಿಂದ ಮಾರಕ್ಕ ಕರೆದಳು. "ಇನ್ನೊಂದು ಸಲ ಹಾಕೋ."

ಅರವತ್ತೊಂದು ವರ್ಷದಲ್ಲಿ ಅಕ್ಕ ಅವನಿಗೆ ಅನ್ನ ಹಾಕಿದ್ದಳು, ಬುದ್ಧಿ ಹೇಳಿದ್ದಳು, ಆಸ್ಪತ್ರೆಯಲ್ಲಿ ಹನ್ನೆರಡು ದಿನ ನೆಲದ ಮೇಲೆ ಮಲಗಿದ್ದಳು. ತನಗಾಗಿ ಏನನ್ನೂ ಕೇಳಿರಲಿಲ್ಲ. ಮುನಿರಾಮಯ್ಯ ಫೋನನ್ನು ಪಕ್ಕಕ್ಕಿಟ್ಟ. ಈ ಸಲ ಬೆರಳು ಜಾರಲಿಲ್ಲ. ಎರಡು ಸಲ ತಟ್ಟಿದ.

ಎರಡು ಸಾಲು ಹಾಡು ಬಂತು, ಬೈಗುಳ ಬಂತು, ಕೋಳಿ ಬಂತು. ಯಾರು, ಮಾರೀನಾ ಎಂದು ತಾಯಿ ಕೇಳಿದಳು. ಇಲ್ಲೇ ಇದ್ದೀನಿ ಕಣಮ್ಮ, ಒಳಗೇ ಇದ್ದೀನಿ ಎಂದು ಮಾರಕ್ಕ ಅನ್ನುವುದು ಕೇಳಿಸಿತು. ಒಳಕ್ಕೆ ಬಾ ಅನ್ನುವಷ್ಟರಲ್ಲಿ ದನಿ ಒಮ್ಮೆ ಎಳೆದು ನಿಂತುಹೋಯಿತು. ಟ್ಯಾಬಿನಲ್ಲಿ ಎಲೆಗಳೂ ಬಾಣವೂ ಕರಗಿ ಪರದೆ ಬೂದಿಯ ಬಣ್ಣಕ್ಕೆ ತಿರುಗಿತು. ಮನೆಯ ಹೆಸರಿನ ಪಕ್ಕದ ಹಸಿರು ಆರಿತ್ತು. ಅವನು ಒತ್ತಿದ, ಮತ್ತೆ ಒತ್ತಿದ.

"ಮುನಿಯ, ಅಮ್ಮ ಸುಮ್ಮನಾದ್ಲಲ್ಲೋ. ಮುಂದಕ್ಕೆ ಹಾಕು."

ಮೂವತ್ತೊಂದು ವರ್ಷ ಮೈಕಿನಲ್ಲಿ ಎಲ್ಲ ಬಸ್ಸುಗಳ ಹೊತ್ತು ಹೇಳಿದವನಿಗೆ, ಇದನ್ನು ಬೀದಿಯ ಈ ಕಡೆಯಿಂದ ಕೂಗಿ ಹೇಳುವುದು ಹೇಗೆಂದು ತಿಳಿಯಲಿಲ್ಲ. ಟ್ಯಾಬನ್ನು ಜಗಲಿಯ ಮೇಲೆ ಬಿಟ್ಟು ಎದ್ದ. ಜೋಯಿಸರು ನೋಡುತ್ತಿದ್ದ ಹಾಗೇ ರಸ್ತೆ ದಾಟಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಕ್ಕನಿಗೆ ಹೇಳಲು ಒಳಗೆ ಹೋದ.